ಟೈಪ್‌ರೈಟರುಗಳ ಕೋಣೆ

12 ಫೆಬ್ರವರಿ 2017, ಭಾನುವಾರ

ಕೊನೆಗೂ ಸಿಕ್ಕಿತು. ಕನ್ನಡದ ರೆಮಿಂಗ್ಟನ್!

ದಾಸರಹಳ್ಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟ್ ಮುಚ್ಚಿ ಆ ಜಾಗಕ್ಕೆ ಮೊಬೈಲ್ ಅಂಗಡಿ ಬರುತ್ತಿದೆಯಂತೆ. ಇಂಗ್ಲಿಷ್ ಯಂತ್ರಗಳನ್ನೆಲ್ಲ ಗುಜರಿಯವನು ಆಗಲೇ ಹೊತ್ತುಕೊಂಡು ಹೋಗಿದ್ದ. ಇದೊಂದು ಮಾತ್ರ ಮೂಲೆಯಲ್ಲಿ, ತಲೆಯ ಮೇಲೆ ಹೂಕುಂಡ ಹೊತ್ತುಕೊಂಡು ಕೂತಿತ್ತು. ನೀರು ಸೋರಿ ಒಳಗೆಲ್ಲ ತುಕ್ಕು. ಹಾಗಿದ್ದರೂ ನೋಡಿದ ಕೂಡಲೇ ಹೂಕುಂಡ ಕೆಳಗಿಳಿಸಿ ಬೆಲೆ ಕೇಳಿದೆ. ಎಷ್ಟು ವರ್ಷದಿಂದ ಹುಡುಕುತ್ತಿದ್ದೆ ಇದನ್ನು! ಲಿಫ್ಟ್ ಕೆಟ್ಟಿದ್ದರಿಂದ ಮೂರು ಮಹಡಿ ನಾನೇ ಎತ್ತಿಕೊಂಡು ಬಂದೆ. ಸೊಂಟ ಹಿಡಿದಿದೆ.

ಮಹಾನಂದಾ ಬಾಗಿಲು ತೆಗೆದು ಮೊದಲು ನನ್ನನ್ನು ನೋಡಿದಳು, ಆಮೇಲೆ ಅದನ್ನು.

"ಎಷ್ಟನೇದ್ರೀ ಇದು?"

"ಹನ್ನೊಂದು."

"ಎಲ್ಲಿ ಇಡ್ತೀರಿ?"

"ಒಳಗೆ. ಇನ್ನೆಲ್ಲಿ?"

ಒಳಗೆ ಅಂದರೆ ಎರಡನೇ ಬೆಡ್‌ರೂಮು. ಮನೆ ಕೊಂಡ ವರ್ಷ ಇಬ್ಬರೂ ಸೇರಿ ಆರಿಸಿ ಅದಕ್ಕೆ ತಿಳಿ ಹಳದಿ ಬಣ್ಣ ಹೊಡೆಸಿದ್ದೆವು. ಆಮೇಲೆ ಆಸ್ಪತ್ರೆಗಳ ವರ್ಷಗಳು ಬಂದವು, ಅವುಗಳ ವಿಷಯ ಬೇಡ. ಖಾಲಿ ಕೋಣೆಯಲ್ಲಿ ಸುಮ್ಮನೆ ಧೂಳು ಕೂರುತ್ತದಲ್ಲ ಅಂತ ಮೊದಲನೆಯ ಯಂತ್ರ ತಂದಿಟ್ಟೆ. ಅದಕ್ಕೆ ಜೊತೆ ಇರಲಿ ಅಂತ ಎರಡನೆಯದು. ಈಗ ಕಿಟಕಿ ತೆಗೆಯಬೇಕಾದರೂ ಒಂದನ್ನು ಸರಿಸಿ ಕೈ ಹಾಕಬೇಕು.

19 ಫೆಬ್ರವರಿ, ಭಾನುವಾರ

ಇಡೀ ದಿನ ಸೀಮೆಎಣ್ಣೆ, ಹಲ್ಲುಜ್ಜುವ ಬ್ರಷ್ಷು, ಹೊಲಿಗೆ ಮೆಷಿನ್ನಿನ ಎಣ್ಣೆ. ಕನ್ನಡದ ಯಂತ್ರದಲ್ಲಿ ಅಕ್ಷರವನ್ನೊಂದು ಸಲ, ಅದರ ತಲೆಕಟ್ಟನ್ನೊಂದು ಸಲ ಹೊಡೆಯಬೇಕು. ಈ ಯಂತ್ರದ ತಲೆಕಟ್ಟಿನ ಕೀಲಿಯೇ ಕಚ್ಚಿಕೊಂಡು ಕೂತಿತ್ತು. ಬೆಳಿಗ್ಗೆ ಹೊಡೆದ ಅಕ್ಷರಗಳೆಲ್ಲ ಬೋಳು ಬೋಳಾಗಿ, ಮುಡಿ ಕೊಟ್ಟು ಬಂದವರ ಸಾಲಿನಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಸಡಿಲವಾಯಿತು. ರೋಲರಿನ ರಬ್ಬರು ಕಲ್ಲಾಗಿದೆ. ಅದನ್ನು ಪೀಣ್ಯದ ಸೋಮಪ್ಪನವರಿಗೆ ಕೊಟ್ಟು ಹೊಸ ರಬ್ಬರು ಹಾಕಿಸಬೇಕು. ಪ್ರಿಂಟಿಂಗ್ ಪ್ರೆಸ್ಸಿನವರ ಕೆಲಸವೇ ಅವರಿಗೆ ತಲೆಯ ಮೇಲಿದೆ, ನನ್ನದು ಯಾವಾಗಲೂ ಕೊನೆಗೆ.

ಮಹಾನಂದಾ ಎರಡು ಸಲ ಬಂದು ಬಾಗಿಲಲ್ಲಿ ನಿಂತಳು. ಮುಂದಿನ ಶನಿವಾರವಲ್ಲ, ಅದರ ಮುಂದಿನ ಶನಿವಾರ ದತ್ತು ಕೇಂದ್ರದವರು ಮನೆ ನೋಡಲು ಬರುತ್ತಾರೆ ಅಂದಳು. ನೆನಪಿದೆ ಅಂದೆ.

4 ಮಾರ್ಚ್, ಶನಿವಾರ

ದತ್ತು ಕೇಂದ್ರದಿಂದ ನಿವೇದಿತಾ ಎನ್ನುವವರು ಬಂದಿದ್ದರು. ಚಿಕ್ಕ ವಯಸ್ಸು, ತುಂಬ ಮರ್ಯಾದಸ್ತೆ. ನಮ್ಮ ಕೆಲಸ, ಆರೋಗ್ಯ, ಎರಡೂ ಕಡೆಯ ಹಿರಿಯರ ಒಪ್ಪಿಗೆ ಎಲ್ಲ ಕೇಳಿದರು. ಮಹಾನಂದಾ ಪಟಪಟನೆ ಉತ್ತರ ಕೊಟ್ಟಳು. ನಾನು ಅಲ್ಲಲ್ಲಿ ತಲೆಯಾಡಿಸಿದೆ. ಕೊನೆಗೆ ಎದ್ದು ನಿಂತು, "ಮಗು ರೂಮ್ ಯಾವ್ದು ಸಾರ್?" ಅಂದರು.

ಬಾಗಿಲು ತೆಗೆದೆ. ಸೀಮೆಎಣ್ಣೆಯ ವಾಸನೆ ಗಪ್ಪೆಂದು ಹೊಡೆಯಿತು. ಕಾಲಿಡಲು ಜಾಗ ಹುಡುಕಿ, ಹಾಲ್ಡಾ ಮತ್ತು ಗೋದ್ರೆಜ್ ಯಂತ್ರಗಳ ಮಧ್ಯೆ ಒಂದು ಹೆಜ್ಜೆ ಇಟ್ಟರು.

"ಸಾರ್, ಮಗು ಎಲ್ಲಿ ಮಲ್ಗುತ್ತೆ?"

"ಬರೋ ಹೊತ್ತಿಗೆ ಖಾಲಿ ಮಾಡ್ತೀವಿ ಮೇಡಂ."

ಅಲ್ಲಿಗೆ ಬಿಡಬಹುದಿತ್ತು. ಬಿಡದೆ ಅವರಿಗೆ ರೆಮಿಂಗ್ಟನ್ ತೋರಿಸಿದೆ. ಒತ್ತಕ್ಷರ ಹೊಡೆದರೆ ಹಾಳೆ ಹೊತ್ತ ಕ್ಯಾರೇಜು ಏಕೆ ಮುಂದೆ ಹೋಗುವುದಿಲ್ಲ ಎಂಬುದನ್ನೂ ವಿವರಿಸಿದೆ. ಪಾಪ, ಪೂರ್ತಿ ಕೇಳಿದರು. "ಒಳ್ಳೆ ಹವ್ಯಾಸ ಸಾರ್," ಅಂದರು. ಅವರ ಹಿಂದೆ ನಿಂತಿದ್ದ ಮಹಾನಂದಾಳ ಮುಖ ನಾನು ನೋಡಲಿಲ್ಲ.

5 ಮಾರ್ಚ್, ಭಾನುವಾರ

ಜಗಳ. ಅವಳು ಕೂಗುವವಳಲ್ಲ. ಕೂಗಿದ್ದರೆ ವಾಸಿಯಿತ್ತು.

"ಒಂದ್ ಮಾತ್ ಹೇಳ್ರಿ. ನಿಮಗ ಮಗು ಬೇಕೋ, ಬ್ಯಾಡೋ?"

"ಬೇಕು ಅಂತ್ಲೇ ಅಲ್ವಾ ಸಹಿ ಹಾಕಿದ್ದು?"

"ಸಹಿ ಕೊರಿಯರ್‌ದವಗೂ ಹಾಕ್ತೀರಿ. ನಾ ಕೇಳೂದು, ನಿಮಗ ಬೇಕೇನು ಅಂತ. ಆ ಖೋಲಿ ಯಾರ ಸಲುವಾಗಿ ಇಟ್ಟಿದ್ವಿ? ಒಂದ್ ಕೂಸು ಬಂದ್ರ ನಿಂದರಾಕ ಜಾಗ ಇಲ್ಲದಂಗ ತುಂಬೀರಲ್ಲ, ಯಾಕ್ರಿ?"

ನಾನು, "ರೋಲರ್ ಬಿಚ್ಚಬೇಕು, ಸೋಮಪ್ಪ ಕಾಯ್ತಿರ್ತಾರೆ," ಅಂದೆ. ಭಾನುವಾರ ಸೋಮಪ್ಪನ ಅಂಗಡಿಯೇ ತೆಗೆಯುವುದಿಲ್ಲ. ಅದು ಅವಳಿಗೂ ಗೊತ್ತು.

ಬೇಕು. ಬರೆದೇಬಿಡುತ್ತೇನೆ: ಬೇಕು. ಮದುವೆಯಾದಾಗಿನಿಂದ ಬೇಕು. ಬೇಕು ಅಂದುಕೊಂಡು ಹೋದಾಗಲೆಲ್ಲ ಆಸ್ಪತ್ರೆಯಿಂದ ಇಬ್ಬರೇ ಆಟೋದಲ್ಲಿ ವಾಪಸ್ ಬಂದಿದ್ದೇವೆ. ಅವಳು ಆಟೋದಲ್ಲೇ ಅತ್ತು ಹಗುರಾಗುತ್ತಿದ್ದಳು. ನನಗೆ ಅದು ಬರಲಿಲ್ಲ. ಯಂತ್ರವಾದರೆ ಎಷ್ಟೇ ಕೆಟ್ಟಿರಲಿ, ಬಿಚ್ಚಿ ಕೂತರೆ ಯಾವತ್ತೋ ಒಂದು ದಿನ ಸರಿಯಾಗುತ್ತದೆ. ಇನ್ನೊಂದು ಸಲ ಆಸೆಪಟ್ಟು, ಇನ್ನೊಂದು ಸಲ ಬರಿಗೈಲಿ ಮೆಟ್ಟಿಲು ಹತ್ತಲು ನನಗೆ ಭಯ. ಇದನ್ನು ಅವಳಿಗೆ ಹೇಳಬೇಕಿತ್ತು, ಇಲ್ಲಿ ಬರೆಯುತ್ತಿದ್ದೇನೆ.

29 ಮಾರ್ಚ್, ಯುಗಾದಿ

ನಿವೇದಿತಾ ಫೋನ್ ಮಾಡಿದ್ದರು. ನಮ್ಮ ಬಗ್ಗೆ ಒಳ್ಳೆಯ ವರದಿಯನ್ನೇ ಕೊಟ್ಟಿದ್ದಾರಂತೆ. ಇನ್ನು ಸರದಿ ಬರುವವರೆಗೆ ಕಾಯಬೇಕು. ಎಷ್ಟು ಕಾಲ ಅಂತ ಅವರಿಗೂ ಗೊತ್ತಿಲ್ಲ.

ಬೇವು ಬೆಲ್ಲ ಆಯಿತು. ಹೋಳಿಗೆ ಆಯಿತು. ಸೋಮಪ್ಪ ರೋಲರ್ ಕೊಟ್ಟಿಲ್ಲ.

16 ಏಪ್ರಿಲ್, ಭಾನುವಾರ

ರೋಲರ್ ಬಂತು. ಮುರಿಗೆಪ್ಪನ ವರ್ಕ್‌ಶಾಪಿನಲ್ಲಿ ಸುತ್ತಿಸಿದ ಹೊಸ ಸ್ಪ್ರಿಂಗುಗಳೂ ಬಂದವು. ಗಟ್ಟಿ ತಂತಿಯದನ್ನೇ ಕೇಳಿ ಹಾಕಿಸಿದ್ದೇನೆ. ಕೀಲಿ ಒತ್ತಲು ಬಲ ಬೇಕು, ಆದರೆ ಹೊಡೆತ ಬಿದ್ದರೆ ಅಕ್ಷರ ಕಡೆದಿಟ್ಟಂತೆ ಮೂಡುತ್ತದೆ. ಹಾಳೆಯ ಹಿಂದೆ ಬೆರಳಾಡಿಸಿದರೆ ಒಂದೊಂದೂ ಕೈಗೆ ಸಿಗುತ್ತದೆ. ಇಷ್ಟು ಚೆನ್ನಾಗಿ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಸಂಜೆ ಮಹಾನಂದಾ ತಾನಾಗಿಯೇ ಒಳಗೆ ಬಂದಳು. ನನ್ನನ್ನು ಸರಿಸಿ ಕುರ್ಚಿಯ ಮೇಲೆ ಕೂತು, ಹೊಸ ಹಾಳೆ ಹಾಕಿಸಿಕೊಂಡು, ಕೀಲಿ ಹುಡುಕಿ ಹುಡುಕಿ ಒಂದೇ ಒಂದು ಅಕ್ಷರ ಹೊಡೆದಳು. "ಬಾ." ಅಷ್ಟೇ. ಎದ್ದು ಹೋಗಿ ಕುಕ್ಕರ್ ಇಟ್ಟಳು.

ಅಕ್ಷರ ಸ್ಪಷ್ಟವಾಗಿ ಮೂಡಿದೆ. ಹಾಳೆ ತೆಗೆಯಲು ಮನಸ್ಸಾಗಲಿಲ್ಲ.

1 ಜೂನ್, ಗುರುವಾರ

ಸ್ಕೂಲು ಶುರು. ಬೆಳಿಗ್ಗೆ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ವ್ಯಾನು, ಆಟೋ, ಅಳು, ಟಿಫಿನ್ ಡಬ್ಬಿ. ನಾನು ಶೂ ಹಾಕಿಕೊಳ್ಳುತ್ತಿದ್ದಾಗ ಕೆಳಗಿನಿಂದ ಯಾವುದೋ ಮಗು "ಅಪ್ಪಾ!" ಅಂತ ಕೂಗಿತು. ಒಂದು ಕಾಲಲ್ಲಿ ಶೂ, ಒಂದು ಕಾಲು ಬರಿದು, ಬಾಲ್ಕನಿಗೆ ಹೋಗಿ ಬಗ್ಗಿ ನೋಡಿದೆ. ಈ ಕಟ್ಟಡದಲ್ಲಿ ಎಷ್ಟೋ ಜನ ಅಪ್ಪಂದಿರಿದ್ದಾರೆ. ನಾನ್ಯಾಕೆ ಬಗ್ಗಿ ನೋಡಬೇಕಿತ್ತೋ ಗೊತ್ತಿಲ್ಲ.

ಫ್ಯಾಕ್ಟರಿಯಲ್ಲಿ ಲೋಹದ ಅಚ್ಚಿನ ಡ್ರಾಯಿಂಗಿನ ಮುಂದೆ ಕೂತರೂ ಆ ಕೂಗು ಹೋಗಲಿಲ್ಲ.

ಗೋದ್ರೆಜ್ ಅನ್ನು ಅಕೌಂಟ್ಸಿನ ಚನ್ನವೀರಪ್ಪನವರಿಗೆ ಕೊಟ್ಟೆ. ಬಹಳ ದಿನದಿಂದ ಕೇಳುತ್ತಿದ್ದರು. ಶೆಲ್ಫು ಬಗ್ಗಿತ್ತು ಕೂಡ.

23 ಜುಲೈ, ಭಾನುವಾರ

ಹಾಲ್ಡಾ, ಫೆಸಿಟ್ ಎರಡೂ ಹೋದವು. ಮಳೆಗಾಲದ ತೇವಕ್ಕೆ ಇಷ್ಟೊಂದು ಯಂತ್ರ ಒಂದೇ ಕೋಣೆಯಲ್ಲಿಟ್ಟರೆ ತುಕ್ಕು ಹಿಡಿಯುತ್ತದೆ, ಕಡಿಮೆ ಇದ್ದರೆ ನೋಡಿಕೊಳ್ಳುವುದು ಸುಲಭ. ಕಿಟಕಿ ಈಗ ಪೂರ್ತಿ ತೆಗೆಯಬಹುದು. ಆ ಗೋಡೆಗೆ ಬೆಳಿಗ್ಗೆ ಇಷ್ಟು ಬಿಸಿಲು ಬೀಳುತ್ತದೆ ಅನ್ನುವುದೇ ಮರೆತುಹೋಗಿತ್ತು. ಬಣ್ಣ ಇನ್ನೂ ಚೆನ್ನಾಗಿದೆ.

ಫೋನ್ ಇಲ್ಲ.

9 ಆಗಸ್ಟ್, ಬುಧವಾರ

ಫೋನ್ ಬಂತು. ಶಾಪ್ ಫ್ಲೋರಿನ ಗದ್ದಲದಲ್ಲಿ ಕೇಳಿಸದೆ ಗೇಟಿನ ಹೊರಗೆ ಓಡಿದೆ.

ಗದಗದ ಕಡೆ ಒಂದು ಕೇಂದ್ರದಲ್ಲಿ ಹುಡುಗನಿದ್ದಾನೆ. ನಾಲ್ಕು ತುಂಬಿ ಐದು ನಡೆಯುತ್ತಿದೆ. ಹೆಸರು ಯಮನೂರ. ಎರಡು ದಿನದೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

"ಸಾರ್, ಒಂದ್ ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ," ಅಂದರು ನಿವೇದಿತಾ. "ಹೋದ್ ವರ್ಷ ಇವನನ್ನ ಒಂದ್ ಫ್ಯಾಮಿಲಿ ಕರ್ಕೊಂಡ್ ಹೋಗಿದ್ರು. ಸಾಮಾನೆಲ್ಲ ಒಡೆದ್ ಹಾಕ್ತಾನೆ, ಹೊಂದ್ಕೊಳ್ಳಲ್ಲ ಅಂತ ವಾಪಸ್ ಬಿಟ್ಟು ಹೋದ್ರು. ಮಗು ಆರೋಗ್ಯವಾಗಿದಾನೆ. ಮಾತು ಸ್ವಲ್ಪ ಕಮ್ಮಿ."

ವಾಪಸ್ ಬಿಟ್ಟು ಹೋದರು. ಗುಜರಿಯವನೂ ಒಂದು ಸಲ ತಕ್ಕಡಿಗೆ ಹಾಕಿದ್ದನ್ನು ವಾಪಸ್ ತರುವುದಿಲ್ಲ. ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು. ನನಗೆ ಅಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ಫೋಟೋ ಕಳಿಸಿದ್ದಾರೆ. ಅಂಗಿಯ ಗುಂಡಿ ಕುತ್ತಿಗೆಯವರೆಗೂ ಹಾಕಿದೆ. ನಗುತ್ತಿಲ್ಲ.

10 ಆಗಸ್ಟ್

ಹೂಂ ಅಂದೆವು. ಮಹಾನಂದಾ ಬಾಯಿ ತೆಗೆಯುವ ಮೊದಲೇ ನಾನು ಅಂದೆನಂತೆ. ಅವಳು ಹಾಗೆನ್ನುತ್ತಾಳೆ. ನನಗೆ ನೆನಪಿಲ್ಲ.

20 ಆಗಸ್ಟ್, ಭಾನುವಾರ

ಗದಗದಿಂದ ಈಗ ಬಂದೆವು.

ಮೊದಲ ಭೇಟಿಗೆ ಏನು ಒಯ್ಯುವುದು ಅಂತ ನನಗೆ ಅನುಮಾನವೇ ಇರಲಿಲ್ಲ. ಆಟದ ಸಾಮಾನು ಯಾರು ಬೇಕಾದರೂ ಒಯ್ಯುತ್ತಾರೆ. ರೆಮಿಂಗ್ಟನ್ ಅನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ. ಮಹಾನಂದಾ ತಿರುಗಿ ನೋಡಿ, "ಕೂಸಿನ್ನ ಕರಕೊಂಡು ಹೊಂಟಂಗ ಕಾಣ್ತೈತಿ," ಅಂತ ನಕ್ಕಳು. ಎಷ್ಟು ದಿನವಾಗಿತ್ತು ಅವಳು ನನ್ನನ್ನು ಹೀಗೆ ಆಡಿಕೊಂಡು!

ಅವನು ಶೇಖವ್ವನ ಸೆರಗಿನ ಹಿಂದೆ ನಿಂತಿದ್ದ. ಶೇಖವ್ವ ಅಲ್ಲಿನ ಆಯಾ. ಅವನು ಸಿಕ್ಕ ವಾರ ಅವಳು ಯಮನೂರಿನ ದರ್ಗಾದ ಉರುಸಿಗೆ ಹೋಗಿ ಬಂದಿದ್ದಳಂತೆ, ಅದಕ್ಕೇ ಆ ಹೆಸರಿಟ್ಟಳಂತೆ. ಫೋಟೋದಲ್ಲಿ ಕಂಡದ್ದಕ್ಕಿಂತ ಸಣ್ಣಗಿದ್ದಾನೆ. ನಮ್ಮನ್ನು ನೋಡಲಿಲ್ಲ, ಯಂತ್ರವನ್ನು ನೋಡಿದ. ನಾನು ಹಿಗ್ಗಿಹೋದೆ. ನೆಲದ ಮೇಲಿಟ್ಟು, ಹಾಳೆ ಹಾಕಿ, "ಒತ್ತು ನೋಡೋಣ," ಅಂದೆ.

ಬಹಳ ಹೊತ್ತು ಯೋಚಿಸಿ ಹತ್ತಿರ ಬಂದ. ತೋರುಬೆರಳನ್ನು ಒಂದು ಕೀಲಿಯ ಮೇಲಿಟ್ಟು ಒತ್ತಿದ. ಅರ್ಧ ಇಳಿದು ನಿಂತಿತು. ಎರಡು ಬೆರಳು ಸೇರಿಸಿ ಒತ್ತಿದ. ತುಟಿ ಕಚ್ಚಿಕೊಂಡ. ಅಚ್ಚು ಎದ್ದಿತು, ಹಾಳೆಯವರೆಗೂ ಹೋಗಲಿಲ್ಲ. ಬಿಳಿ ಹಾಳೆ ನೋಡಿದ, ತನ್ನ ಬೆರಳು ನೋಡಿದ, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ನಂಗ ಬರಂಗಿಲ್ಲ," ಅಂತ ಶೇಖವ್ವನಿಗೆ ಹೇಳಿ ಒಳಗೆ ಹೋದ.

ಗಟ್ಟಿ ತಂತಿ ಬೇಕು ಅಂತ ಹಟ ಮಾಡಿ ಹಾಕಿಸಿದವನು ನಾನು. ಐದು ವರ್ಷದ ಬೆರಳಿಗೆ ಎಷ್ಟು ಬಲ ಇರುತ್ತದೆ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಆಗುವುದಿಲ್ಲ, ಬರುವುದಿಲ್ಲ ಅಂತ ಈಗಾಗಲೇ ಒಂದು ಮನೆಯವರು ಹೇಳಿ ಕಳಿಸಿದ ಹುಡುಗನಿಗೆ ನಾನೂ ಹೋಗಿ ಅದನ್ನೇ ಹೇಳಿ ಬಂದ ಹಾಗಾಯಿತು.

ರಾಣೆಬೆನ್ನೂರು ದಾಟಿದ ಮೇಲೆ ಅವಳು, "ಬೆರಳು ನೋಡಿದ್ರೇನ್ರಿ? ಎಷ್ಟ್ ಸಣ್ಣವು," ಅಂದಳು.

23 ಆಗಸ್ಟ್, ಬುಧವಾರ

ಮುರಿಗೆಪ್ಪನ ವರ್ಕ್‌ಶಾಪಿಗೆ ಹೋಗಿದ್ದೆ.

"ಸಾರ್, ಇಷ್ಟು ತೆಳು ತಂತೀಲಿ ಸುತ್ತಿದ್ರೆ ಹೊಡೆತಾನೇ ಬೀಳಲ್ಲ. ಅಕ್ಷರ ಮಂಕಾಗ್ತವೆ."

"ಆಗ್ಲಿ ಬಿಡ್ರಿ."

"ಹೋದ್ ಸಲ ನೀವೇ ಟೈಟ್ ಬೇಕು ಅಂತ ನನ್ ಪ್ರಾಣ ತಿಂದ್ರಲ್ಲ ಸಾರ್!"

"ಹೌದು ಕಣ್ರೀ, ತಿಂದೆ. ಈಗ ಲೂಸ್ ಬೇಕು."

"ಯಾರಿಗ್ ಸಾರ್ ಇದು?"

"ನಮ್ ಹುಡುಗನಿಗೆ," ಅಂದೆ. ಬಾಯಿಗೆ ಬಂದದ್ದು ಹೇಳಿದೆ. ಮುರಿಗೆಪ್ಪ ಕೆಲಸ ನಿಲ್ಲಿಸಿ ಎದ್ದು ಟೀ ತರಿಸಿದ. ನಮ್ಮ ಮನೆಯ ವಿಷಯ ಅವನಿಗೆ ಯಾರು ಹೇಳಿದರೋ.

3 ಸೆಪ್ಟೆಂಬರ್, ಭಾನುವಾರ

ಇವತ್ತು ಕರೆದುಕೊಂಡು ಬರಬೇಕಿತ್ತು. ನಿನ್ನೆ ಫೋನ್ ಬಂತು. ಅವನ ಮೈಮೇಲೆ ಅಮ್ಮ ಎದ್ದಿದೆಯಂತೆ, ಪೂರ್ತಿ ಇಳಿಯುವವರೆಗೆ ಪ್ರಯಾಣ ಬೇಡ ಅಂದರು ಡಾಕ್ಟರು.

ಮಂಚ ಬಂದಿದೆ. ಹೊಸ ಹಾಸಿಗೆಯ ಪ್ಲಾಸ್ಟಿಕ್ಕು ಬಿಚ್ಚಿಲ್ಲ. ಉಳಿದ ಯಂತ್ರಗಳೆಲ್ಲ ಒಬ್ಬೊಬ್ಬರ ಮನೆ ಸೇರಿವೆ, ರೆಮಿಂಗ್ಟನ್ ಮಾತ್ರ ಹಾಲ್‌ನಲ್ಲಿ ಸ್ಟೂಲಿನ ಮೇಲಿದೆ. ಹೊಸ ಸ್ಪ್ರಿಂಗುಗಳನ್ನು ಹಾಕಿ ಕಿರುಬೆರಳಿನಿಂದ ಒತ್ತಿ ಒತ್ತಿ ನೋಡಿದೆ. ಇನ್ನೂ ಬಿರುಸು ಅನ್ನಿಸಿತು. ಮತ್ತೆ ಬಿಚ್ಚಿದೆ. ರಿಬ್ಬನ್ನಿಗೆ ಸ್ಟಾಂಪ್ ಪ್ಯಾಡಿನ ಮಸಿ ಹೆಚ್ಚಿಗೆ ಕುಡಿಸಿದ್ದೇನೆ, ಮೆಲ್ಲಗೆ ಮುಟ್ಟಿದರೂ ಗುರುತು ಬೀಳಲಿ ಅಂತ. ಸರಿಯಾಗಿ ಟೈಪ್ ಮಾಡುವವರು ಯಾರಾದರೂ ಇದನ್ನು ನೋಡಿದರೆ ನನಗೆ ಉಗಿಯುತ್ತಾರೆ. ಅಕ್ಷರಗಳು ಹರಡಿಕೊಂಡು ದಪ್ಪಗೆ, ಮಂಕಾಗಿ ಬರುತ್ತವೆ.

ಮೈ ತುರಿಸಿಕೊಳ್ಳದಂತೆ ಯಾರು ಕೈ ಹಿಡಿದು ಕೂತಿರುತ್ತಾರೋ. ಶೇಖವ್ವನಿಗೆ ನೋಡಿಕೊಳ್ಳಲು ಇನ್ನೂ ಎಷ್ಟು ಮಕ್ಕಳೋ.

10 ಸೆಪ್ಟೆಂಬರ್

ಶೇಖವ್ವ ಅವನ ಕಿವಿಗೆ ಫೋನ್ ಹಿಡಿದಳು. ಮಾತಾಡಲಿಲ್ಲ. ಉಸಿರಾಡುವುದು ಕೇಳಿಸಿತು. ನಾವಿಬ್ಬರೂ ಒಂದೇ ಫೋನಿಗೆ ಕಿವಿಯಿಟ್ಟು ಅದನ್ನೇ ಕೇಳುತ್ತ ಕೂತೆವು.

ಬೇಗ ಬಾರಪ್ಪ.

24 ಸೆಪ್ಟೆಂಬರ್, ಭಾನುವಾರ

ಬಂದಿದ್ದಾನೆ. ರೈಲಿನಲ್ಲಿ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಕೆನ್ನೆಯ ಮೇಲೆ ಎರಡು ಕಲೆ ಉಳಿದಿವೆ.

ಅವನದೊಂದು ನೀಲಿ ಚೀಲವಿದೆ. ಮಹಾನಂದಾ ಬಟ್ಟೆ ತೆಗೆದು ಬೀರುವಿನಲ್ಲಿಟ್ಟಳು. ಸ್ವಲ್ಪ ಹೊತ್ತಿಗೆ ನೋಡಿದರೆ ಎಲ್ಲ ಮತ್ತೆ ಚೀಲದೊಳಗೆ. ಮುಖ ತೊಳೆದ ಮೇಲೆ ಹಲ್ಲಿನ ಬ್ರಷ್ಷನ್ನೂ ಒರೆಸಿ ಚೀಲಕ್ಕೆ ಹಾಕಿಕೊಂಡ. ನಾವು ಕೊಡಿಸಿದ ಹೊಸ ಅಂಗಿಯನ್ನು ಮಾತ್ರ ಮಂಚದ ಮೇಲೆ ಬೇರೆಯಾಗಿ ಮಡಚಿಟ್ಟಿದ್ದಾನೆ, ಅದು ತನ್ನದಲ್ಲ ಅನ್ನುವ ಹಾಗೆ.

ಏನು ಕೇಳಿದರೂ "ಹೂಂ ರಿ." ನಮ್ಮನ್ನು ಏನೆಂದೂ ಕರೆಯುವುದಿಲ್ಲ. ಮನೆಯಲ್ಲೇ ಇದ್ದಾನೆ, ಆದರೂ ಫೋನಿನಲ್ಲಿ ಉಸಿರು ಕೇಳಿಸಿದ ದಿನಕ್ಕಿಂತ ದೂರವಿದ್ದಾನೆ. ನನ್ನ ಹುಚ್ಚು ಮನಸ್ಸು, ಬಂದಮೇಲೂ ಬರಲಿ ಬರಲಿ ಅಂತ ಕಾಯುತ್ತಿದೆ.

27 ಸೆಪ್ಟೆಂಬರ್, ಬುಧವಾರ

ಕೆಲಸದಿಂದ ಬಂದಾಗ ಹಾಲ್‌ನಲ್ಲಿ ಟಕ್ ಅನ್ನುವ ಸದ್ದು. ಬಾಗಿಲ ಹೊರಗೇ ನಿಂತುಬಿಟ್ಟೆ. ಸ್ವಲ್ಪ ಬಿಟ್ಟು ಇನ್ನೊಂದು ಟಕ್. ನಾನು ಒಳಗೆ ಹೋದಾಗ ಕೈ ಬೆನ್ನ ಹಿಂದಿತ್ತು. ಹಾಳೆಯ ಮೇಲೆ ತಲೆಕಟ್ಟಿಲ್ಲದ, ಮಂಕಾದ ಅಕ್ಷರಗಳ ಒಂದು ಸಾಲು. ನೋಡಿದರೂ ನೋಡದವನಂತೆ ಕಾಫಿ ಕೇಳಿದೆ.

2 ಅಕ್ಟೋಬರ್, ಸೋಮವಾರ

ಗಾಂಧಿ ಜಯಂತಿ, ರಜೆ. ಮಹಾನಂದಾ ಸೊಪ್ಪು ತರಲು ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಹಾಲ್‌ನಲ್ಲಿ ಸ್ಟೂಲು ಉರುಳಿದ ಸದ್ದು, ಅದರ ಹಿಂದೆಯೇ ಇಡೀ ಮನೆ ಅದುರುವಂಥ ಇನ್ನೊಂದು ಸದ್ದು.

ಓಡಿಬಂದೆ. ರೆಮಿಂಗ್ಟನ್ ಮಗ್ಗುಲಾಗಿ ಬಿದ್ದಿತ್ತು. ರೋಲರು ಕಿತ್ತುಕೊಂಡು ಸೋಫಾದ ಕೆಳಗೆ ಹೋಗಿತ್ತು. ಅವನಿರಲಿಲ್ಲ. ಯಂತ್ರ ದಾಟಿ ಕೋಣೆಗೆ ಹೋದೆ, ಅಲ್ಲೂ ಇಲ್ಲ. ಬಾಲ್ಕನಿ, ಬಚ್ಚಲು ಎಲ್ಲ ಹುಡುಕಿ ಬರುವಷ್ಟರಲ್ಲಿ ಮುಂಬಾಗಿಲ ಹತ್ತಿರ ನಿಂತಿದ್ದ. ಚಪ್ಪಲಿ ಹಾಕಿಕೊಂಡಿದ್ದ, ಹೆಗಲಿಗೆ ಚೀಲ. ನಮ್ಮ ಹೊಸ ಅಂಗಿ ಬಿಚ್ಚಿಟ್ಟು ತನ್ನ ಹಳೆಯ ಅಂಗಿ ತೊಟ್ಟುಕೊಂಡಿದ್ದ. ಗುಂಡಿಗಳು ಮೇಲೆ ಕೆಳಗಾಗಿದ್ದವು. ಅಳುತ್ತಿರಲಿಲ್ಲ.

"ಕಾಲಿಗೆ ಏಟಾಯ್ತೇನೋ?"

ಇಲ್ಲವೆಂದು ತಲೆಯಾಡಿಸಿದ. ಆಮೇಲೆ, ಈ ಮನೆಗೆ ಬಂದಮೇಲೆ ಮೊದಲನೆಯ ಸಲ, ತಾನಾಗಿ ಒಂದು ಮಾತು ಕೇಳಿದ.

"ಬಸ್ಸು ಎಷ್ಟೊತ್ತಿಗೆ ಐತ್ರಿ?"

ಅಲ್ಲೇ, ಬಾಗಿಲ ಹತ್ತಿರ, ನೆಲದ ಮೇಲೆ ಕೂತೆ.

"ಯಾವ ಬಸ್ಸು?"

"ಶೇಖವ್ವಾಯಿ ಕಡೆ ಹೋಗೂ ಬಸ್ಸು. ಒಡದ್ರ ಕಳಸ್ತಾರಲ್ರಿ."

"ಇಲ್ಲ ಕಣಪ್ಪ. ಬಸ್ಸಿಲ್ಲ."

"ನಾಳಿಗೆ?"

"ನಾಳೇನೂ ಇಲ್ಲ."

"ನಾಡಿದ್ದು?"

"ಇಲ್ಲ."

ಅವನಿಗೆ ಗೊತ್ತಿದ್ದ ದಿನಗಳು ಮುಗಿದವು. ಹುಬ್ಬು ಗಂಟಿಕ್ಕಿ ಯೋಚಿಸಿದ. "ದೀಪಾವಳಿಗೆ?"

"ದೀಪಾವಳಿಗೂ ಇಲ್ಲ ಕಣೋ. ನೀನು ಏನೇ ಒಡೆದ್ರೂ ಇಲ್ಲ. ಯಾವತ್ತೂ ಇಲ್ಲ."

ಚೀಲವನ್ನು ಹೆಗಲಿನಿಂದ ಇಳಿಸಿ ನನ್ನ ಪಕ್ಕದಲ್ಲಿ ಕೂತ. ಚೀಲದ ಪಟ್ಟಿಯನ್ನು ಮಾತ್ರ ಕೈಯಿಂದ ಬಿಡಲಿಲ್ಲ. ಹಾಲು ಉಕ್ಕಿ ಒಲೆಯ ತುಂಬ ಹರಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ಮಹಾನಂದಾ ಬಾಗಿಲು ತಳ್ಳಿದಾಗ ನಮ್ಮಿಬ್ಬರಿಗೂ ಬಡಿಯಿತು. ಅವಳು ಹಾಲ್ ನೋಡಿದಳು, ಚೀಲ ನೋಡಿದಳು, ಸೊಪ್ಪಿನ ಕಟ್ಟು ಕೆಳಗಿಟ್ಟು ತಾನೂ ಕೂತಳು. ಮೆಲ್ಲಗೆ, "ಏನೇನ್ ಮುರದೈತ್ರಿ?" ಅಂದಳು.

"ನೋಡಿಲ್ಲ," ಅಂದೆ. ಇನ್ನೂ ನೋಡಿಲ್ಲ.

ಊಟದ ಹೊತ್ತಿಗೆ ಮತ್ತೆ ಬಸ್ಸು ಕೇಳಿದ. ಇಲ್ಲ ಅಂದೆ. ಸಂಜೆ ಕೇಳಿದ. ಇಲ್ಲ ಅಂದೆ. ಬೆಳಿಗ್ಗೆ ಎದ್ದ ಕೂಡಲೇ ಮತ್ತೆ ಕೇಳುತ್ತಾನೆ. ಕೇಳಿದಾಗ ಎದುರಿಗೆ ನಾನಿರಬೇಕು, ನಾಳೆ ರಜೆ ಹಾಕಿದ್ದೇನೆ.